ಹಿಮದ ಮೇಲಣ ಹೆಜ್ಜೆ: ಅಜ್ಞಾತ ಪ್ರಾಣಿಗಳ ಅನ್ವೇಷಣೆ

ಮುಂಜಾನೆ ಅಂಗಳದ ಕೆಸರಿನಲ್ಲಿ ಗೊರಸಿನ ಗುರುತು ಕಂಡರೆ, ಇರುಳಿನಲ್ಲಿ ಹಸುವೊಂದು ಇತ್ತ ಬಂದಿತ್ತೆಂದು ನಾವು ಹೇಳಬಲ್ಲೆವು. ಹಸುವನ್ನೂ ಅದರ ಗೊರಸನ್ನೂ ಮೊದಲೇ ಬಲ್ಲೆವಾದುದರಿಂದ ಈ ಊಹೆಯಲ್ಲಿ ತಪ್ಪು ಬರುವ ಸಂಭವ ಕಡಮೆ. ಆದರೆ ಯಾರೂ ಹಿಡಿಯದ, ಯಾವ ಸಂಗ್ರಹಾಲಯದಲ್ಲಿಯೂ ಇಲ್ಲದ ಪ್ರಾಣಿಯೊಂದರ ಹೆಜ್ಜೆಯೆಂದು ಒಂದು ಗುರುತನ್ನು ತೋರಿಸಿದರೆ ನಾವು ಏನೆನ್ನಬೇಕು? ನಂಬಬೇಕೆ? ನಕ್ಕುಬಿಡಬೇಕೆ? ಇಂತಹ ಪ್ರಾಣಿಗಳ ಹುಡುಕಾಟಕ್ಕೆ ಕ್ರಿಪ್ಟೋಜೂವಾಲಜಿ ಎಂಬ ಹೆಸರುಂಟು. ಗುಪ್ತಪ್ರಾಣಿಶೋಧವೆಂದು ನಾವು ಕರೆಯಬಹುದು. ಅದರಲ್ಲಿ ಹಿಮಾಲಯದ ಹಿಮಮಾನವನ, ಎಂದರೆ ಯೆತಿಯ, ಕಥೆ ಎಲ್ಲಕ್ಕಿಂತ ಪ್ರಸಿದ್ಧವಾದುದು. ಮೇಲಿನ ಪ್ರಶ್ನೆಗೆ ಉತ್ತರವನ್ನು ನಾವು ಅಲ್ಲಿಂದಲೇ ಹುಡುಕೋಣ.

ಗುರುತು ದೊರೆತ ಬಗೆ

೧೯೨೧ರಲ್ಲಿ ಎವರೆಸ್ಟ್ ಶಿಖರದ ದಾರಿಯನ್ನು ಪರಿಶೀಲಿಸಲು ಹೋದ ಬ್ರಿಟಿಷ್ ತಂಡದ ನಾಯಕ ಹೋವರ್ಡ್-ಬರಿ ಎಂಬವನು ಎತ್ತರದ ಕಣಿವೆಯೊಂದರ ಬಳಿ ಹಿಮದಲ್ಲಿ ಹೆಜ್ಜೆಗಳನ್ನು ಕಂಡನು. ತೋಳದ ಹೆಜ್ಜೆಗಳಿರಬಹುದೆಂದು ಅವನ ಊಹೆ. ಕೂಲಿಗಳು ಅವು ಹಿಮದ ಕಾಡುಮನುಷ್ಯನವೆಂದರು. ಕಲ್ಕತ್ತೆಯ ಪತ್ರಿಕಾಕರ್ತನೊಬ್ಬನು ಅವರು ಹೇಳಿದ ಹೆಸರನ್ನು ಇಂಗ್ಲಿಷಿನಲ್ಲಿ ‘ಹೇಸಿಗೆಯ ಹಿಮಮಾನವ’ ಎಂಬ ಅರ್ಥ ಬರುವಂತೆ ತರ್ಜುಮೆ ಮಾಡಿದನು. ಪ್ರಾಣಿ ದೊರೆಯುವ ಮೊದಲೇ ಹೆಸರು ಲೋಕವನ್ನೆಲ್ಲ ಸುತ್ತಿತು.

ಮೂವತ್ತು ವರ್ಷಗಳ ಅನಂತರ, ೧೯೫೧ರಲ್ಲಿ, ಎರಿಕ್ ಶಿಪ್ಟನ್ ಮತ್ತು ಮೈಕೇಲ್ ವಾರ್ಡ್ ಎಂಬ ಆರೋಹಿಗಳು ಮೆನ್ಲುಂಗ್ ಹಿಮನದಿಯ ಮೇಲೆ ಸುಮಾರು ೧೩ ಅಂಗುಲ ಉದ್ದದ ಹೆಜ್ಜೆಗಳನ್ನು ಕಂಡು, ಅಳತೆ ತಿಳಿಯಲೆಂದು ಪಕ್ಕದಲ್ಲಿ ಹಿಮಗೊಡಲಿಯನ್ನಿಟ್ಟು ಛಾಯಾಚಿತ್ರ ತೆಗೆದರು. ಚಿತ್ರವು ಸ್ಪಷ್ಟವಾಗಿತ್ತು, ತೆಗೆದವರು ಅನುಭವಿಗಳು. ಆದರೂ ಅದರಿಂದ ಏನು ಸಿದ್ಧವಾಯಿತು?

ಹಿಮವು ಕೆಸರಿನಂತಲ್ಲ. ಬಿಸಿಲು ತಾಗಿದೊಡನೆ ಗುರುತಿನ ಅಂಚು ಕರಗುತ್ತದೆ. ಹಿಮದ ಸ್ವಲ್ಪ ಭಾಗ ನೀರಾಗದೆ ನೇರವಾಗಿ ಆವಿಯಾಗುವುದೂ ಉಂಟು. ಹೀಗೆ ಸಣ್ಣ ಹೆಜ್ಜೆ ದೊಡ್ಡದಾಗಬಹುದು, ಎರಡು ಹೆಜ್ಜೆಗಳು ಒಂದಾಗಬಹುದು. ಕರಡಿಯು ನಡೆಯುವಾಗ ಅನೇಕ ವೇಳೆ ಮುಂಗಾಲು ಊರಿದ ಕಡೆಯೇ ಹಿಂಗಾಲನ್ನೂ ಊರುತ್ತದೆ. ಎರಡು ಗುರುತುಗಳೂ ಕೂಡಿಕೊಂಡರೆ ಉದ್ದವಾದ, ಮನುಷ್ಯನ ಪಾದವನ್ನು ಹೋಲುವ ಒಂದೇ ಗುರುತು ಮೂಡುತ್ತದೆ. ಆದುದರಿಂದ ಹೆಜ್ಜೆಯು ‘ಇಲ್ಲಿ ಯಾವುದೋ ನಡೆಯಿತು’ ಎಂದು ಹೇಳುತ್ತದೆಯೇ ಹೊರತು, ನಡೆದುದು ಯಾವುದೆಂದು ಖಚಿತವಾಗಿ ಹೇಳದು.

ಸರಿಯಾದ ಹೆಜ್ಜೆ, ತಪ್ಪು ಓದು

ಹಾಗೆಂದು ಹೆಜ್ಜೆಯನ್ನು ಕಡೆಗಣಿಸುವುದೂ ತಪ್ಪೆ. ಇದಕ್ಕೆ ಆಫ್ರಿಕದ ಒಂದು ದೃಷ್ಟಾಂತವುಂಟು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಉಗಾಂಡದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಹ್ಯಾರಿ ಜಾನ್‌ಸ್ಟನ್, ಕಾಂಗೋ ಕಾಡಿನ ಕುಳ್ಳಜನರು ಹೇಳುತ್ತಿದ್ದ ಕತ್ತೆಯಂತಹ ಪ್ರಾಣಿಯನ್ನು ಹುಡುಕಿದನು. ಅವರು ಅದರ ಹೆಜ್ಜೆಯನ್ನೇ ತೋರಿಸಿದರು. ಆದರೆ ಅದು ಸೀಳುಗೊರಸಿನ ಹೆಜ್ಜೆ. ಜಾನ್‌ಸ್ಟನ್ ಕುದುರೆಯ ಜಾತಿಯ ಪ್ರಾಣಿಯನ್ನು ನಿರೀಕ್ಷಿಸಿದ್ದನಾದುದರಿಂದ ಅದನ್ನು ನಂಬಲಿಲ್ಲ. ಅವನು ಕಳುಹಿಸಿದ ಪಟ್ಟೆಪಟ್ಟೆಯ ಚರ್ಮದ ತುಂಡುಗಳನ್ನು ನೋಡಿ ಲಂಡನ್ನಿನ ವಿದ್ವಾಂಸರೂ ಅದನ್ನು ಕುದುರೆಯ ಕುಲಕ್ಕೆ ಸೇರಿಸಿದರು. ೧೯೦೧ರಲ್ಲಿ ಪೂರ್ಣ ಚರ್ಮವೂ ಎರಡು ತಲೆಬುರುಡೆಗಳೂ ಬಂದ ಮೇಲೆ, ಅದು ಕುದುರೆಯಲ್ಲ, ಜಿರಾಫೆಯ ಸಂಬಂಧಿ ಎಂಬುದು ತಿಳಿಯಿತು. ಅದೇ ಒಕಾಪಿ. ಕಾಡಿನವರು ತೋರಿಸಿದ ಹೆಜ್ಜೆ ಸರಿಯಾಗಿತ್ತು. ಓದಿದವನ ಪೂರ್ವಕಲ್ಪನೆ ತಪ್ಪಾಗಿತ್ತು. ತಪ್ಪನ್ನು ತಿದ್ದಿದುದು ಎಲ್ಲರೂ ಮುಟ್ಟಿ ನೋಡಬಹುದಾದ ಎಲುಬು.

ಪರೀಕ್ಷೆಗೆ ಬಂದ ವಸ್ತುಗಳು

ಯೆತಿಯ ವಿಷಯದಲ್ಲಿಯೂ ಇಂತಹ ವಸ್ತುಗಳು ಪರೀಕ್ಷೆಗೆ ಬಂದುವು. ನೇಪಾಳದ ಖುಮ್‌ಜುಂಗ್ ಗ್ರಾಮದ ಮಠದಲ್ಲಿ ಯೆತಿಯ ನೆತ್ತಿಯ ಚರ್ಮವೆಂದು ಭಕ್ತಿಯಿಂದ ಕಾಪಾಡಿದ್ದ ವಸ್ತುವೊಂದಿತ್ತು. ೧೯೬೦ರಲ್ಲಿ ಎಡ್ಮಂಡ್ ಹಿಲರಿಯ ತಂಡದವರು ಗ್ರಾಮಸ್ಥರ ಒಪ್ಪಿಗೆ ಪಡೆದು, ಊರಿನ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು, ಅದನ್ನು ಷಿಕಾಗೋ, ಪ್ಯಾರಿಸ್, ಲಂಡನ್ ನಗರಗಳ ತಜ್ಞರಿಗೆ ತೋರಿಸಿದರು. ಅದು ಸೆರೋ ಎಂಬ ಮೇಕೆಯಂತಹ ಪರ್ವತಪ್ರಾಣಿಯ ತೊಗಲನ್ನು ಅಚ್ಚಿನ ಮೇಲೆ ಎಳೆದು ಮಾಡಿದುದೆಂದು ಗೊತ್ತಾಯಿತು.

ಈಚೆಗೆ ಡಿ.ಎನ್.ಎ. ಪರೀಕ್ಷೆ ಬಂದಿದೆ. ಕೂದಲು, ಎಲುಬು, ಹಲ್ಲು, ಮಲ ಇವುಗಳಲ್ಲಿ ಉಳಿದಿರುವ ಈ ವಸ್ತುವಿನ ಘಟಕಗಳ ಸಾಲು ಒಂದೊಂದು ಪ್ರಾಣಿಜಾತಿಯಲ್ಲಿ ಒಂದೊಂದು ಬಗೆಯಾಗಿರುತ್ತದೆ. ಗೊತ್ತಿರುವ ಸಾಲಿನೊಡನೆ ಹೋಲಿಸಿ ಅದು ಯಾರದೆಂದು ಹೇಳಬಹುದು. ಇಲ್ಲಿಯೂ ಎಚ್ಚರಿಕೆ ಬೇಕು. ೨೦೧೪ರಲ್ಲಿ ಹಿಮಾಲಯದ ಎರಡು ಕೂದಲುಗಳು ಪ್ರಾಚೀನ ಹಿಮಕರಡಿಯನ್ನು ಹೋಲುತ್ತವೆಂದು ಪ್ರಕಟವಾಯಿತು. ಇತರರು ಅದೇ ಮಾಹಿತಿಯನ್ನು ಪುನಃ ಪರಿಶೀಲಿಸಿ, ಹಾಗೆನ್ನಲು ಆಧಾರವಿಲ್ಲ, ಕಂದು ಕರಡಿಯೆಂದರೆ ಸಾಕು ಎಂದು ತೋರಿಸಿದರು. ೨೦೧೭ರಲ್ಲಿ ಷಾರ್ಲಟ್ ಲಿಂಡ್‌ಕ್ವಿಸ್ಟ್ ಮತ್ತು ಸಂಗಡಿಗರು ಯೆತಿಯವೆನ್ನಲಾದ ಒಂಬತ್ತು ವಸ್ತುಗಳನ್ನು ಪರೀಕ್ಷಿಸಿದರು. ಎಂಟು ಕರಡಿಗಳವು, ಒಂದು ನಾಯಿಯದು.

ಬಲೆಗೆ ಬಿದ್ದ ಮೀನು

ವಿಜ್ಞಾನಿಗಳು ಹಟಮಾರಿಗಳು, ಹೊಸದನ್ನು ಒಪ್ಪುವುದಿಲ್ಲ ಎಂದು ಕೆಲವರು ದೂರುವರು. ಸೀಲಕಾಂತ್ ಮೀನಿನ ಕಥೆ ಇದಕ್ಕೆ ಉತ್ತರ ಹೇಳುತ್ತದೆ. ಈ ಗುಂಪಿನ ಮೀನುಗಳು ಶಿಲಾವಶೇಷಗಳಾಗಿ ಮಾತ್ರ ದೊರೆತಿದ್ದುವು; ಸುಮಾರು ೬.೬ ಕೋಟಿ ವರ್ಷಗಳ ಹಿಂದೆಯೇ ಅಳಿದುಹೋದುವೆಂದು ಎಲ್ಲರೂ ತಿಳಿದಿದ್ದರು. ೧೯೩೮ರ ಡಿಸೆಂಬರಿನಲ್ಲಿ, ದಕ್ಷಿಣ ಆಫ್ರಿಕದ ಈಸ್ಟ್ ಲಂಡನ್ ರೇವಿಗೆ ಬಂದ ಮೀನುಗಾರಿಕೆಯ ಹಡಗಿನಲ್ಲಿ, ಅಲ್ಲಿನ ಸಂಗ್ರಹಾಲಯದ ಮಾರ್ಜರಿ ಕೋರ್ಟ್ನಿ-ಲ್ಯಾಟಿಮರ್ ಎಂಬಾಕೆ ಸುಮಾರು ಐದು ಅಡಿ ಉದ್ದದ ವಿಚಿತ್ರವಾದ ನೀಲಿ ಮೀನೊಂದನ್ನು ಕಂಡರು. ಕೆಡದಂತೆ ಇಡುವ ಅನುಕೂಲ ದೊರೆಯದೆ ಒಳಗಿನ ಅವಯವಗಳು ಹಾಳಾದುವು; ಚರ್ಮವನ್ನು ಮಾತ್ರ ಉಳಿಸಿದರು. ಅದನ್ನು ನೋಡಿದ ಪ್ರಾಧ್ಯಾಪಕ ಜೆ. ಎಲ್. ಬಿ. ಸ್ಮಿತ್ ಸೀಲಕಾಂತ್ ಎಂದು ಗುರುತಿಸಿ ೧೯೩೯ರಲ್ಲಿ ಪ್ರಕಟಿಸಿದರು. ಅಸಂಭವವೆಂದು ತೋರಿದ ಸಂಗತಿಯನ್ನು ಲೋಕವು ಒಪ್ಪಿತು. ಏಕೆಂದರೆ ಮೀನು ಮೇಜಿನ ಮೇಲಿತ್ತು.

ಎರಡನೆಯ ಮೀನಿಗಾಗಿ ಸ್ಮಿತ್ ನೂರು ಪೌಂಡುಗಳ ಬಹುಮಾನದ ಕರಪತ್ರಗಳನ್ನು ತೀರದುದ್ದಕ್ಕೂ ಹಂಚಿಸಿದರು. ೧೯೫೨ರಲ್ಲಿ ಅದು ಕೊಮೋರೊ ದ್ವೀಪಗಳ ಬಳಿ ದೊರೆಯಿತು. ಅಲ್ಲಿನ ಬೆಸ್ತರಿಗೆ ಅದು ಹೊಸದಲ್ಲ. ಗೊಂಬೆಸ್ಸ ಎಂಬ ಹೆಸರಿನಿಂದ ಅದನ್ನು ಬಲ್ಲವರಾಗಿದ್ದರು.

ಉಳಿದುದೇನು?

ಸ್ಥಳೀಯರ ಮಾತು ಎಲ್ಲಿ ಹುಡುಕಬೇಕೆಂದು ತಿಳಿಸುತ್ತದೆ. ದೊರೆತುದು ಏನೆಂದು ತಿಳಿಸುವುದು ವಸ್ತು. ಎರಡನ್ನೂ ನಾವು ಗೌರವಿಸಬೇಕು. ಯೆತಿ ಇಲ್ಲವೇ ಇಲ್ಲವೆಂದು ಪರ್ವತದ ಮೂಲೆಮೂಲೆಯನ್ನೂ ಶೋಧಿಸಿ ಸಿದ್ಧಪಡಿಸುವುದು ಯಾರಿಂದಲೂ ಆಗದು. ಆದರೆ ಯಾವ ಪ್ರಾಣಿಯೂ ಒಂಟಿಯಾಗಿ ಶತಮಾನಗಳ ಕಾಲ ಬಾಳದು. ತಾಯಿ, ಮರಿ, ಮುದಿಪ್ರಾಣಿ ಎಲ್ಲವೂ ಇರಬೇಕು. ಅವು ಸತ್ತಾಗ ಎಲುಬು ಉಳಿಯಬೇಕು. ಅಂತಹ ಒಂದು ಎಲುಬು ಕೈಗೆ ಬರುವ ತನಕ ‘ಒಪ್ಪಲು ಆಧಾರವಿಲ್ಲ’ ಎಂಬುದೇ ನ್ಯಾಯವಾದ ಉತ್ತರ. ಇದು ನಕ್ಕು ತಳ್ಳಿಬಿಡುವ ಮಾತಲ್ಲ, ಕಾದಿರುವ ಮಾತು.

ಈ ಹುಡುಕಾಟ ವ್ಯರ್ಥವಾಯಿತೆಂದೂ ಹೇಳಲಾಗದು. ೨೦೧೭ರ ಅದೇ ಪರೀಕ್ಷೆಯಿಂದ, ಹಿಮಾಲಯದ ಕಂದು ಕರಡಿಯ ವಂಶವು ಇತರ ಕಂದು ಕರಡಿಗಳಿಂದ ಸುಮಾರು ಆರೂವರೆ ಲಕ್ಷ ವರ್ಷಗಳ ಹಿಂದೆಯೇ ಬೇರೆಯಾಯಿತೆಂಬುದು ತಿಳಿದುಬಂದಿತು. ಆ ಕರಡಿಯು ಇಂದು ಅಳಿವಿನ ಅಂಚಿನಲ್ಲಿದೆ. ಕಾಣದ ಪ್ರಾಣಿಯನ್ನು ಅರಸಿ ಹೊರಟ ನಾವು, ಕಣ್ಣೆದುರಿಗಿರುವ ಪ್ರಾಣಿಯೇ ಕಾಣದಾಗುತ್ತಿರುವುದನ್ನು ಅರಿತೆವು. ಹೆಜ್ಜೆಯ ಗುರುತನ್ನು ಮಾತ್ರ ಉಳಿಸಿ ಅದೂ ಮರೆಯಾಗದಂತೆ ನೋಡಿಕೊಳ್ಳುವುದು ಇನ್ನು ನಮ್ಮ ಹೊಣೆ.