ಗೊರಕೆ ನಡುವೆ ನಿಂತರೆ ತಡ ಮಾಡಬೇಡಿ

ಅಮ್ಮಾ, ನಿಮ್ಮ ಯಜಮಾನರ ಗೊರಕೆಯ ಸದ್ದಿಗಿಂತ, ಅದು ನಡುವೆ ನಿಂತು ಅವರು ಉಸಿರುಗಟ್ಟಿ ಬೆಚ್ಚಿ ಏಳುತ್ತಾರೆ ಎಂದು ನೀವು ಬರೆದ ಮಾತು ನನಗೆ ಆತಂಕ ತಂದಿದೆ. ಅವರು ಕೆಲಸ ಮಾಡುವ ಮಗ್ಗದ ದೂಳಿನಿಂದ ಸೈನಸ್ ಕೆರಳಿ ಮೂಗು ಕಟ್ಟಬಹುದು, ಗೊರಕೆಯೂ ಹೆಚ್ಚಬಹುದು. ಆದರೆ ಉಸಿರು ನಿಲ್ಲುವುದು ಹೆಚ್ಚಾಗಿ ನಿದ್ದೆಯಲ್ಲಿ ಗಂಟಲಿನ ಸ್ನಾಯು ಸಡಿಲಗೊಂಡು ಉಸಿರಿನ ದಾರಿ ಮುಚ್ಚುವುದರಿಂದ. ಇದು ಸ್ಲೀಪ್ ಅಪ್ನಿಯಾ ಇರಬಹುದು. ನೀವು ಹೇಳಿದ, ಮಾತ್ರೆಗೂ ಇಳಿಯದ ಅವರ ಬಿ.ಪಿ., ಹಗಲಿನ ತೂಕಡಿಕೆ ಎರಡೂ ಅದಕ್ಕೆ ಹೊಂದುತ್ತವೆ. ಓಡುವ ವಿದ್ಯುತ್ ಮಗ್ಗದ ಮುಂದೆ ತೂಕಡಿಸುವುದಂತೂ ಕೈಗೇ ಅಪಾಯ; ಚಿಕಿತ್ಸೆ ಸಿಗುವವರೆಗೆ ರಾತ್ರಿ ಪಾಳಿ, ಬೈಕ್ ಎರಡೂ ಬೇಡ.

ಅವರು ಮಲಗಿದ್ದಾಗ ಮೊಬೈಲಿನಲ್ಲಿ ವಿಡಿಯೊ ಮಾಡಿ ಇಎನ್‌ಟಿ ವೈದ್ಯರಿಗೆ ತೋರಿಸಿ. ಮೂಗು, ಗಂಟಲು ನೋಡಿದ ಮೇಲೆ ನಿದ್ರಾ ಪರೀಕ್ಷೆಗೆ ಬರೆದುಕೊಡುವಂತೆ ನೀವೇ ಕೇಳಿ. ನೀವಿರುವ ದೊಡ್ಡಬಳ್ಳಾಪುರದಿಂದ ಬೆಂಗಳೂರು ದೂರವೇನಲ್ಲ. ಅಲ್ಲಿನ ನಿಮ್ಹಾನ್ಸ್‌ ಆಸ್ಪತ್ರೆಯಲ್ಲೂ ನಿದ್ದೆಯ ತೊಂದರೆ ನೋಡುತ್ತಾರೆ. ಪರೀಕ್ಷೆಯಲ್ಲಿ ಕನಿಷ್ಠ 10 ಸೆಕೆಂಡಿನ ಉಸಿರಿನ ತಡೆ ಗಂಟೆಗೆ ಎಷ್ಟು ಸಲ ಎಂದು ಎಣಿಸುತ್ತಾರೆ: 15 ದಾಟಿದರೆ ಮಧ್ಯಮ, 30 ದಾಟಿದರೆ ತೀವ್ರ. ಆಗ ಮುಖವಾಡದಿಂದ ಗಾಳಿ ಒತ್ತುವ ಸಿಪ್ಯಾಪ್ ಯಂತ್ರವೇ ಮೊದಲ ಮದ್ದು. ಮೂಗಿನ ಶಸ್ತ್ರಚಿಕಿತ್ಸೆಯೊಂದರಿಂದಲೇ ಎಲ್ಲ ಸರಿಹೋಗುತ್ತದೆ ಎಂದರೆ ಇನ್ನೊಬ್ಬ ವೈದ್ಯರನ್ನೂ ಕೇಳಿ. ನಿದ್ದೆ ಮಾತ್ರೆ, ಮದ್ಯ ಕೊಡಲೇಬೇಡಿ. ಗಂಟಲು ಇನ್ನಷ್ಟು ಸಡಿಲವಾಗುತ್ತದೆ.