ಹೊಳೆ ಬದಿಯ ಕೋಟೆ: ದೋಣಿಯೋ, ಹೇರೆತ್ತೋ?

ಪ್ರಶ್ನೆ: ತುಂಗೆಯ ದಡದ ಶಿವಮೊಗ್ಗ ಕೋಟೆಯನ್ನು ಕೆಳದಿ ಅರಸರ ಕಾಲದಲ್ಲಿದ್ದಂತೆ ಜಲವರ್ಣದಲ್ಲಿ ಬಿಡಿಸುತ್ತಿದ್ದೇನೆ. ಹೊಳೆ ತುಂಬಿ ಹರಿಯುತ್ತಿದೆ, ಮೆಣಸು ಹೇರಿದ ದೋಣಿಗಳು ಸಾಲಾಗಿ ನಿಂತಿವೆ. ಹೀಗಿತ್ತೇ?
– ಓದುಗರು, ಭದ್ರಾವತಿ

ಉತ್ತರ: ಕೋಟೆ ಇರಲಿ, ದೋಣಿಯ ಸಾಲು ಬೇಡ. ತುಂಗೆ ಬಂಡೆಗಳ ಹೊಳೆ. ಮಳೆಗಾಲದಲ್ಲಿ ಹುಚ್ಚು ಸೆಳೆತ, ಬೇಸಿಗೆಯಲ್ಲಿ ಮೊಣಕಾಲುದ್ದ ನೀರು. ಸರಕು ಸಾಗುತ್ತಿದ್ದುದು ಹೇರೆತ್ತುಗಳ ಬೆನ್ನ ಮೇಲೆ. ಎರಡೂ ಪಕ್ಕಕ್ಕೆ ಇಳಿಬಿದ್ದ ಕಂಟಲೆ ಚೀಲ ಹೊತ್ತ ಎತ್ತುಗಳು ಮೆಣಸು, ಅಡಿಕೆ ಹೊತ್ತು ಘಟ್ಟ ಇಳಿಯುತ್ತಿದ್ದವು, ಉಪ್ಪು ಹೊತ್ತು ಹತ್ತುತ್ತಿದ್ದವು. ಬಸರೂರು, ಹೊನ್ನಾವರ, ಮಂಗಳೂರಿನ ಬಂದರುಗಳಲ್ಲಿ ಪೋರ್ಚುಗೀಸರು ಆ ಮೆಣಸಿಗೆ ಕಾದಿರುತ್ತಿದ್ದರು. ಆ ಬಂದರುಗಳಿಗಾಗಿಯೇ ಕೆಳದಿಯ ಅರಸ ಶಿವಪ್ಪನಾಯಕ (ಆಳ್ವಿಕೆ 1645–1660) ಅವರೊಡನೆ ಕಾದಾಡಿದ.

ಇಲ್ಲಿ ನಿಮ್ಮ ಚಿತ್ರಕ್ಕೊಂದು ತೊಡಕಿದೆ. ಮಲೆನಾಡಿನ ಮಳೆಯಲ್ಲಿ ಘಟ್ಟದ ದಾರಿ ಎತ್ತಿಗೆ ಒದಗುವುದಿಲ್ಲ. ಹೊಳೆ ತುಂಬಿದಾಗ ವ್ಯಾಪಾರ ಮಲಗಿರುತ್ತದೆ. ವ್ಯಾಪಾರ ಎದ್ದಾಗ ಹೊಳೆ ಬತ್ತಿರುತ್ತದೆ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ನಾನಾದರೆ ಸಂಕ್ರಾಂತಿ ಕಳೆದ ಒಂದು ಬೆಳಗನ್ನು ಆರಿಸುತ್ತೇನೆ: ತಿಳಿನೀರು, ಮರಳು, ಕರಿಬಂಡೆ, ದಡ ಹತ್ತುವ ಎತ್ತುಗಳ ದೂಳು. ಜಲವರ್ಣಕ್ಕೆ ಇದಕ್ಕಿಂತ ಒಳ್ಳೆಯ ಬೆಳಕು ಸಿಗದು. ಅಂಥ ತುಂಗೆಯನ್ನು ಕಣ್ಣಾರೆ ನೋಡಲು ಬೇಸಿಗೆಯಲ್ಲಿ ತೀರ್ಥಹಳ್ಳಿಗೆ ಹೋಗಿ. ಶಿವಮೊಗ್ಗದಲ್ಲಿ ಈಗ ಕಾಣುವುದು ಗಾಜನೂರಿನ ಅಣೆಕಟ್ಟು ದಾಟಿ ಬಂದ ನೀರು.

ಕೋಟೆ ಬೀದಿಯ ಅರಮನೆಯನ್ನು ಶಿವಪ್ಪನಾಯಕನದೆಂದೇ ಕರೆಯುತ್ತೇವೆ, ಆದರೆ ಕಟ್ಟಡ ಹೈದರಾಲಿಯ ಕಾಲದ್ದೆನ್ನುವವರೂ ಇದ್ದಾರೆ. ಅದರ ಬೀಟೆ ಕಂಬಗಳನ್ನು ಹಾಗೇ ಎತ್ತಿಕೊಳ್ಳುವ ಮುನ್ನ ಯೋಚಿಸಿ. ನಿಮ್ಮ ಊರನ್ನು ದೂರದಲ್ಲಿ ತೋರಿಸುವ ಆಸೆಯಿದ್ದರೆ ಅದು ಆಗ ಬೆಂಕಿಪುರ. ಹೊಯ್ಸಳರ ಲಕ್ಷ್ಮೀನರಸಿಂಹ ಗುಡಿ ಇರಲಿ, ಕಬ್ಬಿಣದ ಕಾರ್ಖಾನೆಯ ಹೊಗೆ ಬೇಡ, ಅದು 1923ರಿಂದೀಚೆಗಿನದು.

ಇನ್ನು ದೋಣಿ. 1763ರಲ್ಲಿ ಕೆಳದಿ ಅರಸರ ರಾಜಧಾನಿ ಬಿದನೂರನ್ನು ಗೆದ್ದ ಹೈದರಾಲಿ ಶಿವಮೊಗ್ಗದಲ್ಲಿ ಚಪ್ಪಟೆ ತಳದ ಸರಕು ದೋಣಿಗಳನ್ನು ಕಟ್ಟಿಸಿದ್ದ. 1801ರಲ್ಲಿ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್ ಕಂಡಾಗ ಅವುಗಳಲ್ಲಿ ಹೆಚ್ಚಿನವು ಕಟ್ಟಿದ ದಡದಲ್ಲೇ ಬಿದ್ದಿದ್ದವು. ನಿಮ್ಮ ಚಿತ್ರ ಅದಕ್ಕೂ ಹಿಂದಿನದು. ದಾಟುವ ಜನರಿಗೆಂದು ತೊಗಲಿನ ಹರಿಗೋಲೊಂದನ್ನು ಮಡುವಿನ ಅಂಚಿಗೆ ಕಟ್ಟಿಹಾಕಿ, ಸಾಕು.