ಮಿತಿಯೂ ತ್ಯಾಗವೂ

ಹನ್ನೆರಡನೆಯ ಶತಮಾನದ ಶರಣ ದಂಪತಿಗಳಲ್ಲಿ ಆಯ್ದಕ್ಕಿ ಮಾರಯ್ಯ ಹಾಗೂ ಲಕ್ಕಮ್ಮನವರ ಹೆಸರು ಸದ್ಭಕ್ತರೆಲ್ಲರಿಗೂ ಪರಿಚಿತವಾದುದು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಅದರಿಂದ ದಾಸೋಹವನ್ನು ನಡೆಸುವುದು ಇಬ್ಬರ ನಿತ್ಯವ್ರತ. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರೆಂದೂ, ಅಂದಿನ ಅಗತ್ಯಕ್ಕೆ ಮೀರಿದುದು ತಮ್ಮ ಮನೆಗೆ ಸಲ್ಲದೆಂದು ಲಕ್ಕಮ್ಮನವರು ಅದನ್ನು ಹಿಂದಕ್ಕೆ ಕಳುಹಿಸಿದರೆಂದೂ ಪ್ರತೀತಿಯುಂಟು. ಆ ಅಕ್ಕಿ ಕದ್ದುದಲ್ಲ, ಕಸಿದುಕೊಂಡುದೂ ಅಲ್ಲ. ಆದರೂ ಬೇಕಾದುದಕ್ಕಿಂತ ಹೆಚ್ಚಿನದು. ಹೆಚ್ಚಿನದನ್ನು ಹೆಚ್ಚಿನದೆಂದು ಗುರುತಿಸುವ ಈ ಅರಿವೇ ತ್ಯಾಗದ ಮೊದಲ ಮೆಟ್ಟಿಲು.

ಇಂದು ಇಡೀ ಮಾನವಕುಲದ ಮುಂದೆ ಅಂತಹುದೇ ಪ್ರಶ್ನೆಯೊಂದು ಬಂದು ನಿಂತಿದೆ. ಕಲ್ಲಿದ್ದಲು, ಪೆಟ್ರೋಲು, ನೈಸರ್ಗಿಕ ಅನಿಲಗಳನ್ನು ಉರಿಸಿದಾಗ ಹುಟ್ಟುವ ಇಂಗಾಲದ ಡೈಆಕ್ಸೈಡು ಭೂಮಿಯಿಂದ ಹೊರಹೋಗಬೇಕಾದ ಶಾಖವನ್ನು ತಡೆದು ನಿಲ್ಲಿಸುತ್ತದೆ. ಯಂತ್ರಯುಗಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 280 ಪಾಲಿದ್ದ ಈ ಅನಿಲವು ಈಗ 420 ಪಾಲನ್ನು ಮೀರಿದೆ. ಭೂಮಿಯ ಸರಾಸರಿ ಉಷ್ಣತೆಯ ಏರಿಕೆಯನ್ನು 2 ಡಿಗ್ರಿಗಿಂತ ಸಾಕಷ್ಟು ಕೆಳಗೆ ತಡೆಯಬೇಕೆಂದೂ, 1.5 ಡಿಗ್ರಿಯಲ್ಲಿಯೇ ನಿಲ್ಲಿಸಲು ಯತ್ನಿಸಬೇಕೆಂದೂ 2015ರ ಪ್ಯಾರಿಸ್ ಒಪ್ಪಂದದಲ್ಲಿ ರಾಷ್ಟ್ರಗಳು ನಿಶ್ಚಯಿಸಿದವು. ಹೀಗೆ ಮಿತಿಯೇನೋ ಗೊತ್ತಾಯಿತು. ಆ ಮಿತಿಯನ್ನು ಕಾಯಲು ಯಾರು ಏನನ್ನು ಬಿಡಬೇಕು, ಬಿಡಲು ಜನರು ಒಪ್ಪುವರೆ ಎಂಬುದೇ ಉಳಿದ ಪ್ರಶ್ನೆ.

ಮನುಷ್ಯನು ಸ್ವಾರ್ಥಿ, ತನ್ನ ಸುಖವನ್ನು ಕಿಂಚಿತ್ತೂ ಬಿಡಲಾರನೆಂದು ಹೇಳುವವರು ಬಹಳ. ಆದರೆ 125 ದೇಶಗಳ ಸುಮಾರು 1,30,000 ಜನರನ್ನು ವಿಚಾರಿಸಿ ನಡೆಸಿದ ಅಧ್ಯಯನವೊಂದು 2024ರಲ್ಲಿ ಪ್ರಕಟವಾಗಿ, ಬೇರೆಯದೇ ಸಂಗತಿಯನ್ನು ಹೊರಗೆಡಹಿತು. ಹವಾಮಾನದ ಬದಲಾವಣೆಯನ್ನು ತಡೆಯಲು ತಮ್ಮ ವರಮಾನದಲ್ಲಿ ನೂರಕ್ಕೊಂದು ಪಾಲನ್ನು ಪ್ರತಿ ತಿಂಗಳೂ ಕೊಡಲು ಸಿದ್ಧವೆಂದವರು ನೂರಕ್ಕೆ 69 ಮಂದಿ. ನಿಮ್ಮ ದೇಶದಲ್ಲಿ ಉಳಿದವರು ಎಷ್ಟು ಮಂದಿ ಹಾಗೆ ಕೊಟ್ಟಾರು ಎಂದು ಕೇಳಿದಾಗ ಮಾತ್ರ ಬಂದ ಉತ್ತರ ಸರಾಸರಿ 43. ಕೊಡುವ ಮನಸ್ಸು ಉಂಟು. ನೆರೆಯವನಲ್ಲಿಯೂ ಅದೇ ಮನಸ್ಸು ಉಂಟೆಂಬ ನಂಬಿಕೆಯಿಲ್ಲ. ತಾನೊಬ್ಬನೇ ಬಿಟ್ಟು ಮೋಸಹೋದೇನೆಂಬ ಅಂಜಿಕೆಯಿಂದ ಪ್ರತಿಯೊಬ್ಬನೂ ಮತ್ತೊಬ್ಬನ ಮುಖವನ್ನು ನೋಡುತ್ತ ನಿಂತಿರುವನು.

ಈ ಅಂಜಿಕೆ ಎಲ್ಲಿಂದ ಬರುತ್ತದೆಂಬುದಕ್ಕೆ ಫ್ರಾನ್ಸ್ ದೇಶದ ಅನುಭವವು ಒಳ್ಳೆಯ ನಿದರ್ಶನ. 2018ರಲ್ಲಿ ಅಲ್ಲಿಯ ಸರ್ಕಾರವು ಐಶ್ವರ್ಯವಂತರ ಮೇಲಿದ್ದ ಸಂಪತ್ತಿನ ತೆರಿಗೆಯನ್ನು ತೆಗೆದು, ಸ್ಥಿರಾಸ್ತಿಗಷ್ಟೇ ಅದನ್ನು ಉಳಿಸಿತು. ಅದೇ ಕಾಲದಲ್ಲಿ ವಾಹನದ ಇಂಧನದ ಮೇಲಿನ ತೆರಿಗೆಯನ್ನು ಏರಿಸಹೊರಟಿತು. ಉದ್ದೇಶವು ಹೊಗೆಯನ್ನು ತಗ್ಗಿಸುವುದೇ. ಆದರೆ ಬಸ್ಸು ರೈಲುಗಳ ಅನುಕೂಲವಿಲ್ಲದೆ, ದೂರದ ಕೆಲಸಕ್ಕೆ ಸ್ವಂತ ವಾಹನವನ್ನೇ ನೆಚ್ಚಿಕೊಂಡ ಹಳ್ಳಿ ಮತ್ತು ಸಣ್ಣ ಊರುಗಳ ಜನರಿಗೆ ಅದು ಅನ್ಯಾಯವಾಗಿ ಕಂಡಿತು. ನವೆಂಬರ್ 17ರಂದು ಅವರು ಹಳದಿ ಅಂಗಿ ತೊಟ್ಟು ದಾರಿಗಿಳಿದರು. ಡಿಸೆಂಬರಿನಲ್ಲಿ ಸರ್ಕಾರವು ತೆರಿಗೆಯ ಏರಿಕೆಯನ್ನು ಕೈಬಿಡಬೇಕಾಯಿತು.

ಆದರೆ ಕಥೆ ಅಲ್ಲಿಗೇ ಮುಗಿಯಲಿಲ್ಲ. 2019ರ ಅಕ್ಟೋಬರಿನಲ್ಲಿ ಅದೇ ದೇಶದ 150 ಮಂದಿ ಸಾಮಾನ್ಯ ಪ್ರಜೆಗಳನ್ನು ಚೀಟಿಯೆತ್ತುವ ರೀತಿಯಲ್ಲಿ ಆರಿಸಿ, ಒಂದು ಸಭೆಯಾಗಿ ಕೂಡಿಸಲಾಯಿತು. ತಜ್ಞರ ಮಾತನ್ನು ಕೇಳಿ, ತಮ್ಮತಮ್ಮಲ್ಲಿ ಚರ್ಚಿಸಿ, 2020ರ ಜೂನ್ ಹೊತ್ತಿಗೆ ಅವರು 149 ಸಲಹೆಗಳನ್ನು ಮುಂದಿಟ್ಟರು. ಹೆದ್ದಾರಿಯ ವೇಗವನ್ನು ಗಂಟೆಗೆ 130 ಕಿಲೋಮೀಟರಿನಿಂದ 110ಕ್ಕೆ ಇಳಿಸಬಹುದೆಂದರು. ರೈಲಿನಲ್ಲಿ 4 ಗಂಟೆಯೊಳಗೆ ಸೇರಬಹುದಾದ ಊರಿಗೆ ವಿಮಾನವೇ ಬೇಡವೆಂದರು. ಜೊತೆಗೆ, ಅಪಾರ ಲಾಭಾಂಶವನ್ನು ಹಂಚುವ ಕಂಪನಿಗಳೂ ಅದರಲ್ಲಿ ನೂರಕ್ಕೆ 4 ಪಾಲನ್ನು ತೆರಲಿ ಎಂದರು. ಇವರು ಎಲ್ಲಕ್ಕೂ ತಲೆದೂಗಿದವರಲ್ಲ. ವಾರಕ್ಕೆ 28 ಗಂಟೆಯ ದುಡಿಮೆ ಎಂಬ ಸಲಹೆಯನ್ನು ತಾವೇ ತಳ್ಳಿಹಾಕಿದರು. ದೇಶದ ಅಧ್ಯಕ್ಷರು ವೇಗದ ಮಿತಿಯನ್ನೂ ಲಾಭಾಂಶದ ತೆರಿಗೆಯನ್ನೂ ಒಪ್ಪಲಿಲ್ಲ. ವಿಮಾನದ ಸಲಹೆ 4 ಗಂಟೆಗೆ ಬದಲಾಗಿ ಎರಡೂವರೆ ಗಂಟೆಗೆ ಇಳಿದು, 2021ರ ಕಾನೂನಿನಲ್ಲಿ ಸೇರಿ, 2023ರಲ್ಲಿ ಜಾರಿಗೆ ಬಂದಿತು.

ಒಂದೇ ದೇಶ; ಎರಡು ವರ್ಷಗಳ ಅಂತರ. ಮೇಲಿನಿಂದ ಹೇರಿದ ಹೊರೆಯನ್ನು ಜನರು ಎತ್ತಿ ಒಗೆದರು. ಕೂಡಿ ಕುಳಿತು ಹಂಚಿಕೊಂಡ ಹೊರೆಯನ್ನಾದರೋ ಆಳುವವರು ಎಣಿಸಿದುದಕ್ಕಿಂತ ಹೆಚ್ಚಾಗಿ ಹೊರಲು ಒಪ್ಪಿದರು. ತ್ಯಾಗಕ್ಕೆ ಎರಡು ಆಧಾರಗಳು ಬೇಕೆಂದು ಇದರಿಂದ ತಿಳಿಯತಕ್ಕದ್ದು. ಒಂದು, ನ್ಯಾಯ: ಹೆಚ್ಚು ಉಳ್ಳವನು ಹೆಚ್ಚು ಬಿಡಬೇಕು. ಎರಡು, ಸಂಗ: ನೆರೆಯವನೂ ಬಿಡುತ್ತಿರುವನೆಂಬುದು ಕಣ್ಣಿಗೆ ಕಾಣಬೇಕು. ಒಬ್ಬನ ಅನುಭವವನ್ನು ಹತ್ತು ಮಂದಿಯ ನಡುವೆ ಇಟ್ಟು ಒರೆಹಚ್ಚುವ ರೂಢಿಯನ್ನು ಬಲ್ಲ ಶರಣಸಮುದಾಯಕ್ಕೆ ಇದು ಹೊಸ ಮಾತಲ್ಲ.

ಇನ್ನು ಗೃಹಸ್ಥನ ಪಾಲೇನು? ಭಾರತದಲ್ಲಿ ತಲೆಗೆ ವರ್ಷಕ್ಕೆ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡು ಹೊರಬಿದ್ದರೆ, ಅಮೆರಿಕದಲ್ಲಿ ಸುಮಾರು 14 ಟನ್. ಆದುದರಿಂದ ಒಂದೇ ದೀಪವಿರುವ ಗುಡಿಸಲಿಗೆ ಹೋಗಿ ತ್ಯಾಗವನ್ನು ಬೋಧಿಸುವುದು ಧರ್ಮವಲ್ಲ. ಆದರೆ ಸರಾಸರಿಯೆಂಬುದು ಮರೆಯೂ ಹೌದು. ಆ ಗುಡಿಸಲನ್ನೂ, ಎರಡು ಕಾರು ಮೂರು ಹವಾನಿಯಂತ್ರಣದ ಕೋಣೆಗಳುಳ್ಳ ಮನೆಯನ್ನೂ ಅದು ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ದೊಡ್ಡ ಮನೆಯವನು ಬಡವನ ಲೆಕ್ಕದ ಹಿಂದೆ ಅಡಗಿಕೊಳ್ಳಲಾಗದು. ಒಂದು ಲೀಟರ್ ಪೆಟ್ರೋಲು ಉರಿದರೆ 2 ಕಿಲೋಗ್ರಾಮಿಗೂ ಹೆಚ್ಚು ಇಂಗಾಲದ ಡೈಆಕ್ಸೈಡು ಹುಟ್ಟುತ್ತದೆ; ಬಸ್ಸಿರುವ ದಾರಿಯಲ್ಲಿ ಒಬ್ಬನಿಗಾಗಿ ಕಾರು ಹೊರಡಬೇಕೆ? ಮದುವೆಯ ಪಂಕ್ತಿಯಲ್ಲಿ ಎಲೆಯ ತುಂಬ ಬಡಿಸಿ ತಿಪ್ಪೆಗೆ ಸುರಿದ ಅನ್ನವು ಕೊಳೆತು, ಇನ್ನೂ ತೀಕ್ಷ್ಣವಾಗಿ ಶಾಖವನ್ನು ಹಿಡಿಯುವ ಮೀಥೇನ್ ಅನಿಲವಾಗುತ್ತದೆ. ಪ್ರಸಾದವನ್ನು ಚೆಲ್ಲಬಾರದೆಂದು ಕಲಿತ ಮನೆಯವರಿಗೆ ಇದನ್ನು ಬೇರೆ ಹೇಳಬೇಕೆ? ಇವು ಸಣ್ಣವು, ನಿಜ. ಕಲ್ಲಿದ್ದಲ ಬದಲು ಸೂರ್ಯ, ಗಾಳಿಗಳಿಂದ ವಿದ್ಯುತ್ತನ್ನು ಪಡೆಯುವಂತಹ ದೊಡ್ಡ ಕೆಲಸಗಳು ರಾಜ್ಯಗಳಿಂದಲೇ ಆಗಬೇಕು. ಆದರೆ ತನ್ನ ಮನೆಯಲ್ಲಿ ಮಿತಿಯನ್ನು ಹಿಡಿದವನ ಮಾತಿಗೇ ಆ ದೊಡ್ಡ ಕೆಲಸವನ್ನು ಕೇಳುವ ಬಲ ಬರುತ್ತದೆ.

ಲಕ್ಕಮ್ಮನವರಿಗೆ ಯಾರೂ ತೆರಿಗೆಯನ್ನು ಹಾಕಿರಲಿಲ್ಲ. ಪಕ್ಕದ ಮನೆಯವರು ಅಕ್ಕಿಯನ್ನು ಹಿಂದಿರುಗಿಸಿದರೆ ಎಂದು ಅವರು ಕಾಯಲೂ ಇಲ್ಲ. ನೆರೆಯವನು ತನ್ನ ಮುಖವನ್ನೇ ನೋಡುತ್ತ ನಿಂತಿರುವನೆಂದು ಅರಿತವನು, ಮೊದಲ ಹೆಜ್ಜೆಯನ್ನು ತಾನೇ ಇಡತಕ್ಕದ್ದು.